ಪ್ಯಾಕೆಟ್ ಸರಿಯಾಗಿ ಕಟ್ ಆಗ್ತಿಲ್ವಾ? ಹೊಸ ಬ್ಲೇಡ್ ತರೋ ಮುಂಚೆ ಇಷ್ಟು ನೋಡಿ

ಮಸಾಲೆ ಪುಡಿ, ಚಿಪ್ಸ್, ಕಾಫಿ ಪುಡಿ ಪ್ಯಾಕ್ ಮಾಡುವ ಸಣ್ಣ ಘಟಕಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಸುತ್ತದೆ: "ಬ್ಲೇಡ್ ಹೋಗಿದೆ ಸಾರ್." ಎರಡು ಪ್ಯಾಕೆಟ್ ಅಂಟಿಕೊಂಡೇ ಕೆಳಗೆ ಬಿದ್ದರೆ ಬ್ಲೇಡ್ ಹೋಗಿದೆ. ಅಂಚಿನಲ್ಲಿ ದಾರ ಎದ್ದರೂ ಬ್ಲೇಡ್ ಹೋಗಿದೆ. ತಕ್ಷಣ ಹೊಸದು ತರಿಸಿ ಹಾಕುತ್ತಾರೆ. ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ರಾಗ. ನನ್ನನ್ನು ಕೇಳಿದರೆ, ಎಷ್ಟೋ ಸಲ ತಪ್ಪು ಬ್ಲೇಡಿನದಲ್ಲ. ಅದನ್ನು ಕೂರಿಸಿದ ರೀತಿಯದು, ಗಾಳಿಯ ಒತ್ತಡದ್ದು, ಇಲ್ಲವೇ ಸೀಲರ್ ಬಿಸಿಯದು. ಅದನ್ನು ಪತ್ತೆ ಮಾಡುವುದು ಹೇಗೆ, ನಿಜವಾಗಿಯೂ ಬ್ಲೇಡೇ ಹೋಗಿದ್ದರೆ ಯಾವುದನ್ನು ಕೇಳಿ ತರಬೇಕು, ಹೇಗೆ ಹಾಕಬೇಕು ಅನ್ನೋದನ್ನು ಒಂದೊಂದಾಗಿ ನೋಡೋಣ.

ಉದಾಹರಣೆಗೆ ಇಟ್ಟುಕೊಂಡಿರುವುದು ಫಿಲ್ಮ್ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿಯುವ ಪೌಚ್ ಮೆಷಿನ್. ಮೇಲಿನಿಂದ ಫಿಲ್ಮ್ ಕಾಲರ್ ಸುತ್ತಿ ಕೊಳವೆಯಾಗಿ ಇಳಿಯುತ್ತದೆ. ಹಿಂದೆ ಉದ್ದಕ್ಕೆ ಒಂದು ಸೀಲ್ ಬೀಳುತ್ತದೆ. ಕೆಳಗೆ ಎರಡು ಬಿಸಿ ಸೀಲರ್‌ಗಳು ಅಡ್ಡಕ್ಕೆ ಬಂದು ಒತ್ತುತ್ತವೆ. ಒಂದು ಸೀಲರ್‌ನ ನಡುವೆ ಇರುವ ಸೀಳಿನಿಂದ, ಗಾಳಿ ಸಿಲಿಂಡರಿನ ಬಲದಲ್ಲಿ ಜಿಗ್‌ಜಾಗ್ ಬ್ಲೇಡ್ ಹೊರಗೆ ಬಂದು ಕತ್ತರಿಸಿ ಒಳಗೆ ಹೋಗುತ್ತದೆ. ಸಣ್ಣ ಘಟಕಗಳಲ್ಲಿ ಜಾಸ್ತಿ ಕಾಣೋದು ಇದೇ.

ಒಂದು ಪ್ಯಾಕೆಟ್, ಹಲವು ಬ್ಲೇಡ್

ಮೊದಲು ಒಂದು ಚಿಪ್ಸ್ ಪ್ಯಾಕೆಟ್ ಎಷ್ಟು ಅಲಗು ದಾಟಿ ಬರುತ್ತದೆ ನೋಡಿ. ಪ್ರಿಂಟ್ ಆದ ಫಿಲ್ಮ್ ಅಗಲವಾದ ದೊಡ್ಡ ರೋಲಿನಲ್ಲಿ ಇರುತ್ತದೆ. ಅದನ್ನು ನಿಮ್ಮ ಮೆಷಿನ್ನಿಗೆ ಬೇಕಾದ ಅಗಲಕ್ಕೆ ಸೀಳುವುದು ಸ್ಲಿಟಿಂಗ್ ಮೆಷಿನ್. ತೆಳು ಫಿಲ್ಮಿಗೆ ಅಲ್ಲಿ ರೇಜರ್ ಬ್ಲೇಡ್ ಸಾಕು. ದಪ್ಪ ಲ್ಯಾಮಿನೇಟ್ (ಹಲವು ಪದರ ಅಂಟಿಸಿದ ಫಿಲ್ಮ್) ಅಥವಾ ಪೇಪರ್ ಆದರೆ ಮೇಲೊಂದು ಕೆಳಗೊಂದು ದುಂಡನೆಯ ಬ್ಲೇಡ್ ಒಂದಕ್ಕೊಂದು ಉಜ್ಜಿಕೊಂಡು ಕತ್ತರಿಯ ಹಾಗೆ ಕೆಲಸ ಮಾಡುತ್ತವೆ. ಗಟ್ಟಿ ಉಕ್ಕಿನ ರೋಲರ್ ಮೇಲೆ ದುಂಡು ಬ್ಲೇಡನ್ನು ಒತ್ತಿ ಅರೆದು ಕತ್ತರಿಸುವ ಮೂರನೇ ವಿಧಾನವೂ ಇದೆ. ಟೇಪ್ ಮತ್ತು ಲೇಬಲ್ ಕೆಲಸದಲ್ಲಿ ಅದು ಹೆಚ್ಚು.

ಆಮೇಲೆ ನಿಮ್ಮ ಪೌಚ್ ಮೆಷಿನ್. ಕೊನೆಗೆ ಪ್ಯಾಕೆಟ್‌ಗಳನ್ನು ತುಂಬುವ ರಟ್ಟಿನ ಡಬ್ಬ. ಅದನ್ನು ಕತ್ತರಿಸೋಕೆ ಪ್ಲೈವುಡ್ ಹಲಗೆಯಲ್ಲಿ ಸೀಳು ಮಾಡಿ, ಉಕ್ಕಿನ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಹೊಡೆದಿರುತ್ತಾರೆ. ಇದಕ್ಕೆ ಡೈ ಅಂತಾರೆ. ಡೈ ಮಾಡುವವರು ಈ ಪಟ್ಟಿಯ ದಪ್ಪವನ್ನು ಪಾಯಿಂಟ್ ಲೆಕ್ಕದಲ್ಲಿ ಹೇಳುತ್ತಾರೆ. 2 ಪಾಯಿಂಟ್ ಅಂದರೆ 0.71 ಮಿಲಿಮೀಟರ್.

ಎಲ್ಲ ಪ್ಯಾಕೆಟ್ಟಿಗೂ ಬ್ಲೇಡ್ ಬೇಕು ಅಂತೇನೂ ಇಲ್ಲ. ಹಾಲಿನ ಪ್ಯಾಕೆಟ್‌ನ ಅಂಚು ನೋಡಿ, ಜಿಗ್‌ಜಾಗ್ ಇರೋದಿಲ್ಲ. ಅಂಥ ಬರೀ ಪಾಲಿಥೀನ್ ಫಿಲ್ಮನ್ನು ಕಾದ ತಂತಿಯಿಂದ ಒಟ್ಟಿಗೇ ಸೀಲ್ ಮಾಡಿ ಕತ್ತರಿಸಬಹುದು. ಅಂಗಡಿಯಲ್ಲಿ ಮಾಲೆಯಂತೆ ನೇತಾಡುವ ಶಾಂಪೂ ಸ್ಯಾಷೆಯದ್ದು ಇನ್ನೊಂದು ಬಗೆ. ಅಲ್ಲಿ ಬ್ಲೇಡಿನ ಹಲ್ಲುಗಳ ನಡುವೆ ಬೇಕಂತಲೇ ಜಾಗ ಬಿಟ್ಟಿರುತ್ತಾರೆ. ಪೂರ್ತಿ ಕತ್ತರಿಸಬಾರದು, ಕೈಯಿಂದ ಎಳೆದಾಗ ಹರಿಯಬೇಕು.

ಜಿಗ್‌ಜಾಗ್ ಇರೋದು ಅಂದಕ್ಕಲ್ಲ. ಬಿಒಪಿಪಿ (ಎರಡೂ ದಿಕ್ಕಿಗೆ ಎಳೆದು ಮಾಡಿದ ಪಾಲಿಪ್ರೊಪಿಲೀನ್), ಪಾಲಿಯೆಸ್ಟರ್ ಫಿಲ್ಮ್‌ಗಳ ನೇರ ಅಂಚನ್ನು ಕೈಯಿಂದ ಹರಿಯೋಕೆ ಹೋಗಿ, ಬೆರಳು ನೋಯುತ್ತದೆಯೇ ಹೊರತು ಹರಿಯೋದಿಲ್ಲ. ಒಂದು ಸಣ್ಣ ಕಚ್ಚು ಬಿದ್ದರೆ ಸಾಕು, ಸರ್ರನೆ ಸೀಳಿಕೊಂಡು ಹೋಗುತ್ತದೆ. ಆ ಕಚ್ಚನ್ನು ಕೊಡುವುದೇ ಹಲ್ಲಿನ ತಗ್ಗು. ಬ್ಲೇಡ್ ಮೊಂಡಾಗಿ ತಗ್ಗು ದುಂಡಗಾದರೆ ಗಿರಾಕಿ ಪ್ಯಾಕೆಟನ್ನು ಹಲ್ಲಲ್ಲಿ ಕಚ್ಚಬೇಕಾಗುತ್ತದೆ, ಅಲ್ವಾ?

ಹಂತ 1: ಮೆಷಿನ್ ಬಿಡಿ, ಪ್ಯಾಕೆಟ್ ನೋಡಿ

ಸಾಲಾಗಿ ಬಿದ್ದ ಹತ್ತು ಪ್ಯಾಕೆಟ್ ತೆಗೆದುಕೊಳ್ಳಿ. ಬಿದ್ದ ಕ್ರಮದಲ್ಲೇ ಮೇಜಿನ ಮೇಲೆ ಇಡಿ. ಟ್ಯೂಬ್‌ಲೈಟ್ ಕೆಳಗೆ ಅಂಚುಗಳನ್ನು ಹತ್ತಿರದಿಂದ ನೋಡಿ. ಸ್ಪ್ಯಾನರ್ ಮುಟ್ಟುವ ಮುಂಚೆ ಈ ಕೆಲಸ ಆಗಲೇಬೇಕು.

ಹಲ್ಲಿನ ತುದಿ ಹೊಡೆದ ಕಡೆ ತೂತು ಬಿದ್ದಿದೆ, ಆದರೆ ಎರಡು ತೂತಿನ ನಡುವೆ ಫಿಲ್ಮ್ ಹಾಗೇ ಉಳಿದು ಪ್ಯಾಕೆಟ್‌ಗಳು ಜೋತಾಡುತ್ತಿವೆ. ಇದು ತುಂಬಾ ಸಾಮಾನ್ಯ. ಬ್ಲೇಡ್ ಸಾಕಷ್ಟು ಮುಂದೆ ಬರುತ್ತಿಲ್ಲ ಅಂತ ಅರ್ಥ. ತುದಿ ಮಾತ್ರ ಫಿಲ್ಮ್ ದಾಟಿದರೆ ಸಾಲದು, ಹಲ್ಲುಗಳ ನಡುವಿನ ತಗ್ಗೂ ಫಿಲ್ಮ್ ದಾಟಿ ಒಂದೆರಡು ಮಿಲಿಮೀಟರ್ ಮುಂದೆ ಹೋಗಬೇಕು. ಹೊಸ ಬ್ಲೇಡ್ ಹಾಕಿದರೂ ಈ ತೊಂದರೆ ಪೂರ್ತಿ ಹೋಗೋದಿಲ್ಲ. ಗಾಳಿಯ ಒತ್ತಡ, ಸಿಲಿಂಡರಿನ ಓಟ, ಬ್ಲೇಡ್ ಹಿಡಿಕೆಯ ಸ್ಕ್ರೂ ನೋಡಿ.

ಒಂದು ಪಕ್ಕ ಚೆನ್ನಾಗಿ ಕತ್ತರಿಸಿ ಇನ್ನೊಂದು ಪಕ್ಕ ಬಿಟ್ಟಿದೆ. ಬ್ಲೇಡ್ ಓರೆಯಾಗಿ ಕೂತಿದೆ, ಅಥವಾ ಸೀಲರ್‌ಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ.

ಹತ್ತಕ್ಕೆ ಹತ್ತರಲ್ಲೂ ಒಂದೇ ಜಾಗದಲ್ಲಿ ದಾರ ಉಳಿದಿದೆ. ಅಲ್ಲೊಂದು ಹಲ್ಲು ಮುರಿದಿದೆ, ಇಲ್ಲವೇ ಅಲ್ಲಿ ಪ್ಲಾಸ್ಟಿಕ್ ಮೆತ್ತಿಕೊಂಡಿದೆ. ಮುರಿದಿದ್ದರೆ ಆ ಚೂರು ಎಲ್ಲಿ ಹೋಯಿತು ಅನ್ನೋದು ದೊಡ್ಡ ಪ್ರಶ್ನೆ. ಅದಕ್ಕೆ ಕೆಳಗೆ ಬರುತ್ತೇನೆ.

ಒಂದು ಸರಿ, ಎರಡು ಸರಿ, ಮೂರನೆಯದು ಜೋಡಿಯಾಗಿ ಬಿತ್ತು, ಮತ್ತೆ ನಾಲ್ಕು ಸರಿ. ಹೀಗೆ ಗೊತ್ತುಗುರಿ ಇಲ್ಲದೆ ಆಗುತ್ತಿದ್ದರೆ ಬ್ಲೇಡಿನ ಮೇಲೆ ಅನುಮಾನ ಬೇಡ. ಮೊಂಡು ಬ್ಲೇಡ್ ಪ್ರತಿ ಸಲವೂ ಮೊಂಡೇ. ಗಾಳಿ ಏರಿಳಿಯುತ್ತಿದೆ, ಸಿಲಿಂಡರಿಗೆ ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಸಿಕ್ಕಿಕೊಳ್ಳುತ್ತಿದೆ, ಅಥವಾ ಸಿಲಿಂಡರಿನ ಸೀಲ್ ಸವೆದಿದೆ. ಒಂದೇ ಕಂಪ್ರೆಸರಿಗೆ ಎರಡು ಮೂರು ಮೆಷಿನ್ ಜೋಡಿಸಿರುವ ಕಡೆ, ಪಕ್ಕದ್ದು ಗಾಳಿ ಎಳೆದಾಗಲೆಲ್ಲ ಇದು ಆಗುತ್ತದೆ. ಮೆಷಿನ್ ಓಡುತ್ತಿರುವಾಗಲೇ ಗೇಜಿನ ಮುಳ್ಳು ನೋಡಿ. ನಿಂತಾಗ 6 ಬಾರ್ ತೋರಿಸಿ ಓಡುವಾಗ 4ಕ್ಕೆ ಬೀಳುತ್ತಿದ್ದರೆ ರೋಗ ಗೊತ್ತಾಯಿತಲ್ಲ.

ಅಂಚು ಕರಗಿ ಗಂಟು ಕಟ್ಟಿದಂತಿದೆ, ಎಳೆದಂತಿದೆ. ಇದು ಬಿಸಿಯ ಕಾಟ. ಸೀಲರ್ ಫಿಲ್ಮಿಗೆ ತಕ್ಕ ಹಾಗೆ ಸಾಮಾನ್ಯವಾಗಿ 120ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ. ಒಳಪದರದ ಎಲ್‌ಡಿಪಿಇ ಅನ್ನೋ ಪಾಲಿಥೀನ್ ಸುಮಾರು 110 ಡಿಗ್ರಿಗೇ ಕರಗುತ್ತದೆ. ಬ್ಲೇಡೂ ಅಷ್ಟು ಕಾದರೆ ಕತ್ತರಿಸೋದರ ಜೊತೆ ಕರಗಿಸುತ್ತದೆ, ಕರಗಿದ್ದು ಬ್ಲೇಡಿಗೇ ಮೆತ್ತುತ್ತದೆ, ಮೆತ್ತಿದ್ದು ಮುಂದಿನ ಪ್ಯಾಕೆಟನ್ನು ಎಳೆಯುತ್ತದೆ. ಸೀಲ್ ಹಿಡಿಯುವಷ್ಟಕ್ಕೆ ಬಿಸಿ ಇಳಿಸಿ ನೋಡಿ. ಲೀಕ್ ಬಂತು ಅಂತ ಪ್ರತಿ ಸಲ ಐದು ಡಿಗ್ರಿ ಏರಿಸುವ ಅಭ್ಯಾಸ ಹಲವರಿಗಿದೆ. ಸೀಲ್ ತಣಿಯುವ ಮೊದಲೇ ಮೊಂಡು ಬ್ಲೇಡ್ ಎಳೆದು ಲೀಕ್ ಆಗುತ್ತಿದ್ದರೆ, ಬಿಸಿ ಏರಿಸಿದಷ್ಟೂ ಲೀಕ್ ಜಾಸ್ತಿ.

ಅಂಚಿನುದ್ದಕ್ಕೂ ಸಣ್ಣ ಕೂದಲು, ಪುಡಿ, ಹರಿದಂಥ ಗುರುತು ಇದ್ದರೆ ಮಾತ್ರ ಬ್ಲೇಡ್ ನಿಜವಾಗಿ ಮೊಂಡಾಗಿದೆ.

ಹಂತ 2: ಕರೆಂಟ್ ಜೊತೆಗೆ ಗಾಳಿಯನ್ನೂ ತೆಗೆಯಿರಿ

ಎಂಸಿಬಿ ಆಫ್ ಮಾಡಿದ ಕೂಡಲೇ ಕೈ ಹಾಕಬೇಡಿ. ಬ್ಲೇಡ್ ಓಡೋದು ಗಾಳಿಯಿಂದ. ಕರೆಂಟ್ ಹೋದರೂ ಪೈಪಿನಲ್ಲಿ, ಸಿಲಿಂಡರಿನಲ್ಲಿ ಗಾಳಿ ಉಳಿದಿರುತ್ತದೆ. ಸಿಕ್ಕಿಕೊಂಡ ಪ್ಲಾಸ್ಟಿಕ್ ಚೂರನ್ನು ನೀವು ಎಳೆದ ಕ್ಷಣಕ್ಕೇ ಬ್ಲೇಡ್ ಮುಂದೆ ನುಗ್ಗಬಹುದು. ಮೇನ್ ಆಫ್ ಮಾಡಿ, ಗಾಳಿಯ ವಾಲ್ವ್ ಮುಚ್ಚಿ, ಲೈನಿನಲ್ಲಿ ಉಳಿದದ್ದನ್ನು ಹೊರಬಿಡಿ, ಗೇಜ್ ಸೊನ್ನೆಗೆ ಬಂದದ್ದು ನೋಡಿ. ಆಮೇಲೆ ಸೀಲರ್ ತಣಿಯಲಿ. ಸ್ವಿಚ್‌ಬೋರ್ಡಿಗೆ ಒಂದು ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. "ಆನ್ ಮಾಡಬೇಡಿ" ಅಂತ ಕೂಗಿ ಹೇಳಿದ್ದು ಶಿಫ್ಟ್ ಬದಲಾಗುವ ಹೊತ್ತಿಗೆ ಯಾರಿಗೂ ನೆನಪಿರೋದಿಲ್ಲ.

ಬ್ಲೇಡ್ ಬಿಚ್ಚುವಾಗ, ಹಾಕುವಾಗ ಕುಯ್ಯದ ಗ್ಲೋವ್ಸ್ ಇರಲಿ. ಆದರೆ ತಿರುಗುತ್ತಿರುವ ದುಂಡು ಬ್ಲೇಡಿನ ಹತ್ತಿರ ಯಾವ ಗ್ಲೋವ್ಸೂ ಬೇಡ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೇ ಒಳಗೆ ಎಳೆಯುತ್ತದೆ. ಇನ್ನೊಂದು ವಿಷಯ, ಈ ಗ್ಲೋವ್ಸ್ ಕುಯ್ತವನ್ನು ತಡೆಯುತ್ತದೆ, ಜಿಗ್‌ಜಾಗ್ ಹಲ್ಲು ಚುಚ್ಚಿದರೆ ತಡೆಯೋದಿಲ್ಲ.

ಹಂತ 3: ತೊಳೆಯಿರಿ, ಆಮೇಲೆ ಬೆಳಕಿಗೆ ಹಿಡಿಯಿರಿ

ಬಿಚ್ಚಿದ ಬ್ಲೇಡನ್ನು ಮೊದಲು ಸ್ವಚ್ಛ ಮಾಡಿ. ಅರ್ಧ ಮೊಂಡುತನ ಬರೀ ಮೆತ್ತಿದ ಪ್ಲಾಸ್ಟಿಕ್. ಹಿತ್ತಾಳೆ ಬ್ರಷ್ ಅಥವಾ ಮರದ ಚೂರಿನಿಂದ ಉಜ್ಜಿ. ಹಿತ್ತಾಳೆ ಬ್ಲೇಡಿಗಿಂತ ಮೆತ್ತಗಿರುವುದರಿಂದ ಅಂಚು ಹಾಳಾಗೋದಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಕೆರೆಯುವವರನ್ನು ದಯವಿಟ್ಟು ತಡೆಯಿರಿ. ಸ್ಪಿರಿಟ್ ಬಳಸುವುದಾದರೆ ಎಲ್ಲ ಪೂರ್ತಿ ತಣಿದ ಮೇಲೆ ಮಾತ್ರ. ಬಿಸಿ ಸೀಲರ್ ಹತ್ತಿರ ಅದರ ಬಾಟಲಿಯೂ ಇರಬಾರದು.

ಈಗ ಅಂಚನ್ನು ಮೇಲ್ಮುಖ ಮಾಡಿ ಬಲ್ಬಿನ ಕೆಳಗೆ ಹಿಡಿದು ನಿಧಾನವಾಗಿ ಅತ್ತಿತ್ತ ವಾಲಿಸಿ. ಹರಿತವಾದ ಅಂಚಿನಿಂದ ಬೆಳಕು ಹೊಳೆಯೋದಿಲ್ಲ, ಯಾಕೆಂದರೆ ಹೊಳೆಯೋಕೆ ಅಲ್ಲಿ ಅಗಲವೇ ಇಲ್ಲ. ಮೊಂಡಾದ ಕಡೆ ಕೂದಲೆಳೆಯಂಥ ಬಿಳಿ ಗೆರೆ ಹೊಳೆಯುತ್ತದೆ. ಚೂರು ಹಾರಿದ ಕಡೆ ಚುಕ್ಕೆಯಾಗಿ ಮಿನುಗುತ್ತದೆ. ಬೆರಳು ಸವರಿ ನೋಡೋದಕ್ಕಿಂತ ಇದು ಎಷ್ಟೋ ವಾಸಿ, ಬೆರಳೂ ಉಳಿಯುತ್ತದೆ. ಆಮೇಲೆ ಬ್ಲೇಡನ್ನು ದಪ್ಪ ಗಾಜಿನ ಮೇಲೆ ಮಲಗಿಸಿ. ಕೆಳಗಿನಿಂದ ಬೆಳಕು ತೂರಿದರೆ ಬಾಗಿದೆ. ಬಾಗಿದ್ದನ್ನು ಸುತ್ತಿಗೆಯಿಂದ ಸರಿ ಮಾಡೋಕೆ ಹೋಗಬೇಡಿ, ಗಡಸು ಉಕ್ಕು ತಟ್ಟನೆ ಮುರಿಯುತ್ತದೆ.

ಹಂತ 4: ಸಾಣೆಯೋ, ಹೊಸದೋ

ಪೌಚ್ ಮೆಷಿನ್ನಿನ ಸಣ್ಣ ಜಿಗ್‌ಜಾಗ್ ಬ್ಲೇಡ್ ಮೊಂಡಾಗಿದ್ದರೆ ಹೊಸದೇ ತನ್ನಿ. ಒಂದೊಂದು ಹಲ್ಲನ್ನೂ ಒಂದೇ ಕೋನದಲ್ಲಿ ಸಾಣೆ ಹಿಡಿಯೋಕೆ ತಕ್ಕ ಯಂತ್ರ ಬೇಕು. ಅರದಿಂದ ಉಜ್ಜಿ ಕೊಟ್ಟರೆ ಹಲ್ಲುಗಳ ಎತ್ತರ ಹೆಚ್ಚುಕಡಿಮೆಯಾಗಿ, ಇಲ್ಲದ ತೊಂದರೆ ಶುರುವಾಗುತ್ತದೆ.

ಉದ್ದನೆಯ ನೇರ ಬ್ಲೇಡ್, ಪೇಪರ್ ಕಟಿಂಗ್ ಮೆಷಿನ್ನಿನ ಬ್ಲೇಡ್, ಸ್ಲಿಟಿಂಗ್‌ನ ದುಂಡು ಬ್ಲೇಡ್, ಇವನ್ನು ಹಲವು ಸಲ ಸಾಣೆ ಹಿಡಿಸಬಹುದು. ಗ್ರೈಂಡಿಂಗ್ ಅಂಗಡಿಗೆ ಹೋದಾಗ "ಸ್ವಲ್ಪ ಹರಿತ ಮಾಡಿಕೊಡಿ ಅಣ್ಣ" ಅಂದರೆ ಸಾಲದು. "ಹಳೇ ಆ್ಯಂಗಲ್ ಬದಲಾಯಿಸಬೇಡಿ, ಕೂಲೆಂಟ್ ಬಿಟ್ಟುಕೊಂಡು ಹೊಡೀರಿ, ಬರ್ ತೆಗೆದು ಕೊಡಿ" ಅಂತ ಮೂರು ಮಾತು ಹೇಳಿ. ಕೂಲೆಂಟ್ ಅಂದರೆ ತಣಿಸುವ ದ್ರವ, ಬರ್ ಅಂದರೆ ಸಾಣೆಯಲ್ಲಿ ಅಂಚಿಗೆ ಉಳಿಯುವ ಲೋಹದ ಸಣ್ಣ ಮುಳ್ಳು. ಪೇಪರ್ ಕಟಿಂಗ್ ಬ್ಲೇಡಿನ ಕೋನ ಹೆಚ್ಚಾಗಿ 22ರಿಂದ 24 ಡಿಗ್ರಿ ಇರುತ್ತದೆ. ಅದಕ್ಕಿಂತ ಚೂಪು ಮಾಡಿದರೆ ಮೊದಲ ದಿನ ಬೆಣ್ಣೆಯಂತೆ ಕತ್ತರಿಸುತ್ತದೆ, ದಪ್ಪ ರಟ್ಟಿಗೆ ಹಾಕಿದ ದಿನ ಅಂಚು ಉದುರುತ್ತದೆ.

ವಾಪಸ್ ಕೊಟ್ಟಾಗ ಅಂಚಿನಲ್ಲಿ ನೀಲಿ ಅಥವಾ ಕಂದು ಬಣ್ಣ ಇದೆಯಾ ನೋಡಿ. ಇದ್ದರೆ ಸಾಣೆಯಲ್ಲಿ ಉಕ್ಕು ಕಾದು ಹದ ಕಳೆದುಕೊಂಡಿದೆ. ನೋಡೋಕೆ ಫಳಫಳ ಅನ್ನುತ್ತದೆ, ಓಡಿಸಿದರೆ ಒಂದೇ ದಿನಕ್ಕೆ ಮೊಂಡು. ಅಲ್ಲೇ ಹೇಳಿ, ಕಾದಷ್ಟು ಭಾಗ ತೆಗೆಸಿ. ಟಂಗ್‌ಸ್ಟನ್ ಕಾರ್ಬೈಡ್ ಬ್ಲೇಡ್ ಆದರೆ ಡೈಮಂಡ್ ವೀಲ್ ಇರುವ ಅಂಗಡಿಗೇ ಕೊಡಬೇಕು.

ಹಂತ 5: ಯಾವ ಉಕ್ಕು ಅಂತ ಕೇಳಿ ತರಬೇಕು?

ಇಲ್ಲಿ ಮೋಸ ಹೋಗುವವರೇ ಹೆಚ್ಚು. "ಆಹಾರದ ಕೆಲಸ, ಸ್ಟೇನ್‌ಲೆಸ್ ಕೊಡಿ" ಅಂತ ಕೇಳುತ್ತಾರೆ. ಅಂಗಡಿಯವರು ಯಾವುದೋ ಎಸ್‌ಎಸ್ ತಗಡಿನಲ್ಲಿ ಕೊರೆದು ಕೊಡುತ್ತಾರೆ. ಪಾತ್ರೆಗೆ, ಟ್ಯಾಂಕಿಗೆ ಬಳಸುವ 304 ಸ್ಟೇನ್‌ಲೆಸ್ ತುಕ್ಕು ಹಿಡಿಯೋದಿಲ್ಲ ನಿಜ, ಆದರೆ ಅದನ್ನು ಕಾಯಿಸಿ ಹದ ಮಾಡಿ ಗಡಸು ಮಾಡೋಕೆ ಆಗೋದಿಲ್ಲ. ಬ್ಲೇಡಿಗೆ ಬೇಕಾದ್ದು 420 ಅಥವಾ 440ಸಿ ಥರದ, ಹದ ಮಾಡಬಹುದಾದ ಸ್ಟೇನ್‌ಲೆಸ್. ಒಂದು ಆಯಸ್ಕಾಂತ ಜೇಬಿನಲ್ಲಿರಲಿ. 420ಕ್ಕೆ ಅದು ಗಟ್ಟಿಯಾಗಿ ಹಿಡಿಯುತ್ತದೆ, 304ಕ್ಕೆ ಹಿಡಿಯೋದೇ ಇಲ್ಲ ಅನ್ನಬಹುದು. ಆಯಸ್ಕಾಂತ ಹಿಡಿಯದ "ಸ್ಟೇನ್‌ಲೆಸ್ ಬ್ಲೇಡ್" ವಾಪಸ್ ಮಾಡಿ.

ಡಿ2 ಅನ್ನೋ ಉಕ್ಕನ್ನು ಜಾಸ್ತಿ ಬಳಸುತ್ತಾರೆ. ಅದರಲ್ಲಿ ಸುಮಾರು 1.5% ಕಾರ್ಬನ್, 12% ಕ್ರೋಮಿಯಂ. ಹದ ಮಾಡಿದ ಮೇಲೆ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 62 ಬರುತ್ತದೆ. ತುಂಬಾ ಬಾಳುತ್ತದೆ. ಅಷ್ಟು ಕ್ರೋಮಿಯಂ ಇದ್ದರೂ ಅದು ನಿಜವಾದ ಸ್ಟೇನ್‌ಲೆಸ್ ಅಲ್ಲ, ಹೆಚ್ಚಿನ ಕ್ರೋಮಿಯಂ ಕಾರ್ಬನ್ ಜೊತೆ ಸೇರಿಕೊಂಡಿರುತ್ತದೆ. ಉಪ್ಪು, ಉಪ್ಪಿನಕಾಯಿ ಪ್ಯಾಕ್ ಮಾಡುವವರು, ಕರಾವಳಿಯ ಮಳೆಗಾಲದಲ್ಲಿ ಮೆಷಿನ್ ಓಡಿಸುವವರು ಡಿ2 ಹಾಕಿದರೆ ತುಕ್ಕು ಗ್ಯಾರಂಟಿ. ಒಣ ಮೆಣಸಿನ ಪುಡಿ, ಕಾಫಿ ಪುಡಿಗೆ ಧಾರಾಳವಾಗಿ ಹಾಕಬಹುದು.

ಎಂ2 ಹೈಸ್ಪೀಡ್ ಸ್ಟೀಲ್ ಬಿಸಿ ತಡೆಯುತ್ತದೆ, ಬೆಲೆ ಜಾಸ್ತಿ. ಕಾರ್ಬೈಡ್ ಎಲ್ಲಕ್ಕಿಂತ ಗಡಸು, ಆದರೆ ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಮುಗಿಯಿತು. ದಿನವಿಡೀ ಓಡುವ ಸ್ಲಿಟಿಂಗ್‌ಗೆ ಅದು ಸರಿ. ದಿನಕ್ಕೆ ಒಂದು ಶಿಫ್ಟ್ ಓಡುವ ಪೌಚ್ ಮೆಷಿನ್ನಿಗೆ ಕಾರ್ಬೈಡ್ ಹಾಕೋದು ದುಡ್ಡು ದಂಡ ಅಂತ ನನ್ನ ಲೆಕ್ಕ. ಪ್ಲಾಸ್ಟಿಕ್ ಮೆತ್ತುವ ಕಾಟ ಇದ್ದರೆ ಟೆಫ್ಲಾನ್ ಲೇಪನದ ಬ್ಲೇಡ್ ಕೇಳಿ.

ಫಿಲ್ಮ್ ಯಾವುದು ಅನ್ನೋದನ್ನೂ ಹೇಳಿ. ಮುತ್ತಿನಂತೆ ಬೆಳ್ಳಗೆ ಮಿರುಗುವ ಬಿಒಪಿಪಿ ಒಳಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ, ಬಿಳಿ ಫಿಲ್ಮಿನಲ್ಲಿ ಟೈಟಾನಿಯಂ ಡೈಆಕ್ಸೈಡ್. ಎರಡೂ ಅಂಚನ್ನು ಸವೆಸುತ್ತವೆ. ಫಿಲ್ಮ್ ಬದಲಾಯಿಸಿದ ಮೇಲೆ ಬ್ಲೇಡ್ ಬೇಗ ಹೋಗುತ್ತಿದೆ ಅಂದರೆ ಬ್ಲೇಡ್ ಕೊಟ್ಟವರನ್ನು ಬೈಯುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಆರ್ಡರ್ ಕೊಡುವಾಗ ಉದ್ದ, ಅಗಲ, ದಪ್ಪ, ತೂತಿನಿಂದ ತೂತಿಗೆ ದೂರ, ಹಲ್ಲಿನಿಂದ ಹಲ್ಲಿಗೆ ದೂರ, ಹಲ್ಲಿನ ಆಳ, ಅಂಚಿನ ಇಳಿಜಾರು ಯಾವ ಕಡೆ, ಉಕ್ಕಿನ ಗ್ರೇಡ್, ಗಡಸುತನ, ಇಷ್ಟನ್ನೂ ಬರೆದು ಕೊಡಿ. ಹಳೆ ಬ್ಲೇಡನ್ನೇ ಸ್ಯಾಂಪಲ್ ಕೊಟ್ಟರೆ ಸವೆದ ಅಳತೆಯೇ ಹೊಸದಕ್ಕೂ ಬರುತ್ತದೆ.

ಹಂತ 6: ಕೂರಿಸುವುದು

ಬ್ಲೇಡ್ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ. ಒಂದು ಪುಡಿ ಕಣ ಕೆಳಗೆ ಉಳಿದರೂ ಬ್ಲೇಡ್ ಓರೆ. ಸ್ಕ್ರೂಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ನಡುವಿನದರಿಂದ ಶುರು ಮಾಡಿ ಎರಡೂ ಪಕ್ಕಕ್ಕೆ ಒಂದೊಂದಾಗಿ ಬಿಗಿ ಮಾಡಿ. ಸ್ಪ್ರಿಂಗ್ ವಾಷರ್ ಬಿಟ್ಟುಹೋಗಬಾರದು. ಪ್ರತಿ ಹೊಡೆತಕ್ಕೂ ಅದುರುವ ಜಾಗ ಅದು.

ಗಾಳಿ ಇನ್ನೂ ಬಂದ್ ಇರುವಾಗಲೇ ಬ್ಲೇಡ್ ಹಿಡಿಕೆಯನ್ನು ಹಿಂದಿನಿಂದ ಕೈಯಲ್ಲಿ ತಳ್ಳಿ. ಎದುರು ಸೀಲರ್‌ನಲ್ಲಿ ಬ್ಲೇಡ್ ಹೋಗುವ ಸೀಳು ಇದೆಯಲ್ಲ, ಅದರ ಮೇಲೆ ಕೆಳಗೆ ಎರಡೂ ಕಡೆ ಸಮ ಜಾಗ ಇರಬೇಕು. ಎಲ್ಲಾದರೂ ಉಜ್ಜಿದರೆ ಅಲ್ಲಿಯೇ ನಾಳೆ ಹಲ್ಲು ಮುರಿಯೋದು. ತೆಳು ಶಿಮ್ (ಸಂದಿಗೆ ಕೊಡುವ ತಗಡಿನ ಪಟ್ಟಿ) ಹಾಕಿ ಸರಿ ಮಾಡಿ. ಹಿಂದೆ ಸರಿದಾಗ ಹಲ್ಲಿನ ತುದಿ ಸೀಲರ್ ಮುಖದಿಂದ ಪೂರ್ತಿ ಒಳಗೆ ಹೋಗಬೇಕು, ಇಲ್ಲವಾದರೆ ಇಳಿಯುವ ಫಿಲ್ಮನ್ನೇ ಗೀರುತ್ತದೆ.

ತಣ್ಣಗಿದ್ದಾಗ ಮಾಡಿದ ಸೆಟ್ಟಿಂಗನ್ನು ಕಾದ ಮೇಲೆ ಇನ್ನೊಮ್ಮೆ ನೋಡಲೇಬೇಕು. 200 ಮಿಲಿಮೀಟರ್ ಉದ್ದದ ಉಕ್ಕಿನ ಬ್ಲೇಡ್ 100 ಡಿಗ್ರಿ ಕಾವೇರಿದರೆ ಸುಮಾರು ಕಾಲು ಮಿಲಿಮೀಟರ್ ಬೆಳೆಯುತ್ತದೆ. ಎರಡೂ ತುದಿ ಬಿಗಿಯಾಗಿ ಸಿಕ್ಕಿಸಿದ್ದರೆ ಅದು ಬಿಲ್ಲಿನಂತೆ ಬಾಗದೆ ಇನ್ನೇನು ಮಾಡೀತು? ಮೊದಲು ಖಾಲಿ ಫಿಲ್ಮ್, ಕಡಿಮೆ ವೇಗ. ಪ್ಯಾಕೆಟ್ ಅಂಚು ಸರಿ ಬಂದ ಮೇಲೆ ಮಾಲು ಬಿಡಿ. ಸ್ವಲ್ಪ ಹೊತ್ತು ಓಡಿದ ಮೇಲೆ ಮತ್ತೆ ನಿಲ್ಲಿಸಿ ಸ್ಕ್ರೂ ಬಿಗಿ ನೋಡಿ.

ಬಿಸ್ಕತ್ ಸುತ್ತುವ ಫ್ಲೋ ರ‍್ಯಾಪ್ ಮೆಷಿನ್ ಇದ್ದವರಿಗೆ ಒಂದೇ ಮಾತು: ಅಲ್ಲಿ ಬ್ಲೇಡ್ ತಿರುಗುತ್ತಾ ಬಂದು ಎದುರಿನ ಗಟ್ಟಿ ಉಕ್ಕಿನ ಪಟ್ಟಿಗೆ ಮುಟ್ಟಿಯೂ ಮುಟ್ಟದ ಹಾಗೆ ತಾಗುತ್ತದೆ. ಕತ್ತರಿಸುತ್ತಿಲ್ಲ ಅಂತ ಜಾಸ್ತಿ ಒತ್ತಿ ಕೂರಿಸಿದರೆ ಎರಡೂ ಹಾಳು.

ಚೂರು ಮುರಿದು ಬಿದ್ದರೆ

ಮೆಷಿನ್ ನಿಲ್ಲಿಸಿ. ಸಿಕ್ಕ ಚೂರುಗಳನ್ನೆಲ್ಲ ಬಿಳಿ ಹಾಳೆಯ ಮೇಲೆ ಜೋಡಿಸಿ, ಬ್ಲೇಡಿನ ಆಕಾರ ಪೂರ್ತಿ ಆಗುತ್ತದಾ ನೋಡಿ. ಒಂದು ಚೂರು ಕಡಿಮೆ ಬಿದ್ದರೂ, ಕಳೆದ ಸಲ ಬ್ಲೇಡ್ ಸರಿಯಿದೆ ಅಂತ ನೋಡಿದ ಹೊತ್ತಿನಿಂದ ತುಂಬಿದ ಪ್ಯಾಕೆಟ್ ಎಲ್ಲವನ್ನೂ ಪಕ್ಕಕ್ಕಿಡಿ. ಮೆಟಲ್ ಡಿಟೆಕ್ಟರ್ ಇದೆಯಲ್ಲ ಅಂದುಕೊಳ್ಳಬೇಡಿ. ಅಲ್ಯೂಮಿನಿಯಂ ಫಾಯಿಲ್ ಇರುವ ಪೌಚ್ ಒಳಗಿನ ಸಣ್ಣ ಚೂರನ್ನು ಅದು ಹಿಡಿಯೋದು ಕಷ್ಟ, ಫಾಯಿಲ್ಲೇ ಅದಕ್ಕೆ ಲೋಹ. ಅಂಥ ಪ್ಯಾಕೆಟ್ ಬಿಚ್ಚಿ, ಪುಡಿಯನ್ನು ಜರಡಿ ಹಿಡಿದು ಆಯಸ್ಕಾಂತದ ಮೇಲೆ ಹಾಯಿಸಿಯೂ ಚೂರು ಸಿಗದಿದ್ದರೆ ಆ ಮಾಲು ಮಾರಬೇಡಿ. ಬ್ಲೇಡ್ ಆಯಸ್ಕಾಂತಕ್ಕೆ ಹಿಡಿಯುವ ಉಕ್ಕಿನದ್ದಾಗಿರಬೇಕು ಅನ್ನೋಕೆ ಇದು ಇನ್ನೊಂದು ಕಾರಣ.

ಕೈ ಕುಯ್ದರೆ

ಕಾಫಿ ಪುಡಿ, ಅರಿಶಿನ ತುಂಬುವ ಅಭ್ಯಾಸ ಬಿಟ್ಟುಬಿಡಿ. ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಕೈ ಎತ್ತರಿಸಿ, ಆಸ್ಪತ್ರೆಗೆ ಹೊರಡಿ. ಬೆರಳು ತುಂಡಾಗಿದ್ದರೆ ಆ ತುಂಡನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸ್ ಮೇಲಿಟ್ಟು ಜೊತೆಗೇ ಒಯ್ಯಿರಿ. ತುಂಡಿಗೆ ಐಸ್ ನೇರವಾಗಿ ತಾಗಬಾರದು.

ಹಳೆ ಬ್ಲೇಡ್

ಕಸದ ಬುಟ್ಟಿಗೆ ಎಸೆಯಬೇಡಿ, ಪೌರಕಾರ್ಮಿಕರ ಕೈ ಕುಯ್ಯುತ್ತದೆ. ರಟ್ಟು ಸುತ್ತಿ, ಟೇಪ್ ಹಚ್ಚಿ, ಮೇಲೆ "ಬ್ಲೇಡ್" ಅಂತ ಬರೆದು, ತಗಡಿನ ಡಬ್ಬದಲ್ಲಿ ಕೂಡಿಟ್ಟು ಗುಜರಿಗೆ ಹಾಕಿ. ಕಾರ್ಬೈಡ್ ತುಂಡುಗಳಿದ್ದರೆ ಬೇರೆ ಡಬ್ಬದಲ್ಲಿಡಿ, ಅದಕ್ಕೆ ಉಕ್ಕಿಗಿಂತ ಒಳ್ಳೆ ರೇಟ್ ಸಿಗುತ್ತದೆ.